ಕೂತು ಕೂತು ಮನಸ್ಸು ಭಾರವಾದಾಗ: ಮಷಿನ್, ಪುಸ್ತಕ, ಫೋನ್ ಮುಂದೆ ಕೂರುವವರಿಗೆ

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಕೆಳಗೆ ಹೊಲಿಗೆ ಮಷಿನ್‌ಗಳ ಸಾಲು, ಮೇಲಿನ ರೂಮಿನಲ್ಲಿ ನನ್ನ ಟೇಬಲ್. ತಿಂಗಳ 11ನೇ ತಾರೀಖಿಗೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. ಆ ತಾರೀಖು ಹತ್ತಿರ ಬಂತೆಂದರೆ ಬೆಳಿಗ್ಗೆ ಒಂಬತ್ತೂವರೆಗೆ ಕೂತವಳು ಊಟಕ್ಕೆ ಒಮ್ಮೆ ಏಳುತ್ತಿದ್ದೆ. ಆಮೇಲೆ ಏಳುತ್ತಿದ್ದುದು ಸಂಜೆ ಆರೂವರೆಗೇ. ಮನೆಗೆ ಬಂದರೆ ಯಾರ ಮಾತೂ ಬೇಡ. ಮಗಳು ಶಾಲೆಯ ಸುದ್ದಿ ಹೇಳಲು ಬಂದರೆ "ಆಮೇಲೆ ಹೇಳು ಪುಟ್ಟಿ" ಅನ್ನುತ್ತಿದ್ದೆ. ದಿವಾನದ ಮೇಲೆ ಒರಗಿ ಫೋನ್ ನೋಡುತ್ತಾ ಹತ್ತೂವರೆ ಆಗುತ್ತಿತ್ತು. ಅಷ್ಟೊತ್ತಿಗೆ ಅವಳು ಮಲಗಿರುತ್ತಿದ್ದಳು.

ಕೆಲಸ ಜಾಸ್ತಿ, ಅದಕ್ಕೇ ಹೀಗೆ ಎಂದುಕೊಂಡಿದ್ದೆ. ಒಂದು ಶನಿವಾರ ಬಟವಾಡೆ ತಗೊಳ್ಳಲು ಮೇಲೆ ಬಂದ ಟೇಲರ್ ಅಣ್ಣ ಒಬ್ಬರು ಸುಮ್ನೆ ನಿಂತರು. "ಅಕ್ಕಾರ, ಮನ್ಯಾಗ ಎಲ್ಲಾ ಚಲೋ ಐತಿ. ಆದ್ರೂ ಸಂಜಿ ಆತಂದ್ರ ಜೀವಕ್ಕ ಸಮಾಧಾನ ಇಲ್ಲ ನೋಡ್ರಿ" ಎಂದರು. ಅದೇ ವಾರ, ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವ ನಮ್ಮಕ್ಕನ ಮಗ ಬಂದು, "ಚಿಕ್ಕಮ್ಮ, ಓದಿದ್ದು ಒಳಗ ಹೋಗವಲ್ದು, ತಲಿ ಜಡ ಆಗೈತಿ" ಎಂದ. ಮೂವರಿಗೂ ಬೇರೆ ಬೇರೆ ಕೆಲಸ. ಮೂವರೂ ದಿನವಿಡೀ ಕೂರುವವರು.

ಅಲ್ಲಿಂದ ನಾನು ಈ ವಿಷಯದ ಹಿಂದೆ ಬಿದ್ದೆ. ಓದಿದೆ, ನನ್ನ ಮೇಲೆಯೇ ಮಾಡಿ ನೋಡಿದೆ, ಅವರಿಬ್ಬರಿಗೂ ಹೇಳಿದೆ. ನಮಗೆ ಉಪಯೋಗಕ್ಕೆ ಬಂದದ್ದನ್ನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಕೂತಾಗ ತಲೆ ಏನು ಮಾಡುತ್ತಿರುತ್ತದೆ?

"ಜಾಸ್ತಿ ಹೊತ್ತು ಕೂರಬೇಡಿ" ಎಂದು ಎಲ್ಲರೂ ಹೇಳುತ್ತಾರೆ. ಹೊಟ್ಟೆಪಾಡೇ ಕೂತು ಮಾಡುವ ಕೆಲಸದಲ್ಲಿ ಇರುವಾಗ ಆ ಮಾತಿನಿಂದ ಏನು ಮಾಡೋಣ? ಗಂಟೆ ಎಣಿಸುವ ಮುಂಚೆ ಬೇರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ನಾನು ಕೂತಿರುವಾಗ ನನ್ನ ತಲೆ ಏನು ಮಾಡುತ್ತಿದೆ?

ನನ್ನ ಕೆಲಸದಲ್ಲಿ ಮೈ ಸುಮ್ಮನಿರುತ್ತದೆ, ತಲೆ ದುಡಿಯುತ್ತದೆ. ಅಕ್ಕನ ಮಗನದ್ದೂ ಹಾಗೇ. ಟೇಲರ್ ಅಣ್ಣನದ್ದು ಬೇರೆ. ಅದೇ ಪಾಕೆಟ್, ಅದೇ ಹೊಲಿಗೆ, ದಿನಕ್ಕೆ ನೂರಾರು ಸಲ. ಕೈಗೆ ಅದು ರೂಢಿಯಾಗಿ ಹೋಗಿದೆ. ಕೈ ದುಡಿಯುತ್ತದೆ, ತಲೆ ಖಾಲಿ ಇರುವುದರಿಂದ ಎಲ್ಲೆಲ್ಲೋ ತಿರುಗುತ್ತದೆ. ಇನ್ನು ಮೂರನೆಯದು, ನಾವೆಲ್ಲರೂ ರಾತ್ರಿ ಮಾಡುವುದು. ಟಿವಿ ಮುಂದೆ, ಫೋನ್ ಮುಂದೆ ಒರಗುವುದು. ಅಲ್ಲಿ ಮೈಗೂ ಕೆಲಸವಿಲ್ಲ, ತಲೆಗೂ ಇಲ್ಲ.

ಮನಸ್ಸಿನ ಮಟ್ಟಿಗೆ ಈ ಮೂರೂ ಒಂದೇ ಅಲ್ಲ. ಸ್ವೀಡನ್‌ನಲ್ಲಿ ಸುಮಾರು 24 ಸಾವಿರ ಜನರನ್ನು 1997ರಲ್ಲಿ ಈ ಬಗ್ಗೆ ಕೇಳಿ, 2010ರವರೆಗೆ ಅವರ ಆರೋಗ್ಯ ಏನಾಯಿತು ಎಂದು ನೋಡಿದರು. ಕೂರುವುದನ್ನು ಅವರು ಎರಡು ಭಾಗ ಮಾಡಿದ್ದರು. ಟಿವಿ ನೋಡುವಂಥ, ತಲೆಗೆ ಕೆಲಸವಿಲ್ಲದ ಕೂರುವುದು ಒಂದು. ಕಚೇರಿ ಕೆಲಸ, ಹೆಣಿಗೆ ಥರದ, ತಲೆಗೆ ಕೆಲಸವಿರುವ ಕೂರುವುದು ಇನ್ನೊಂದು. ಸುಮ್ಮನೆ ಕೂರುವ ಹೊತ್ತಿನ ಒಂದಿಷ್ಟನ್ನು ತಲೆಗೆ ಕೆಲಸವಿರುವ ಕಡೆ ತಿರುಗಿಸಿದರೆ ಖಿನ್ನತೆಯ ಅಪಾಯ ಸ್ವಲ್ಪ ಇಳಿಯುತ್ತದೆ ಎಂದು ಅವರ ಲೆಕ್ಕ ತೋರಿಸಿತು. ಮನಸ್ಸು ಮೊದಲೇ ಕುಗ್ಗಿದವರು ಟಿವಿ ಮುಂದೆ ಜಾಸ್ತಿ ಕೂರುವುದೂ ಉಂಟು. ಹಾಗಾಗಿ ಎಲ್ಲಾ ತಪ್ಪನ್ನೂ ಟಿವಿಯ ಮೇಲೆ ಹಾಕಲು ನನಗೆ ಮನಸ್ಸಿಲ್ಲ. ಆದರೆ ಈ ವಿಂಗಡಣೆ ಮಾತ್ರ ತುಂಬಾ ಉಪಯೋಗದ್ದು. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಗೆ ಬಣ್ಣ ಹಚ್ಚುತ್ತಾ ಗಂಟೆಗಟ್ಟಲೆ ನೆಲದ ಮೇಲೆ ಕೂರುತ್ತಾರೆ. ಆ ಕೂರುವುದಕ್ಕೂ ನಾನು ದಿವಾನದ ಮೇಲೆ ಒರಗುವುದಕ್ಕೂ ಹೋಲಿಕೆಯೇ ಇಲ್ಲ, ಅಲ್ವಾ?

ಮೊದಲ ವಾರ ಬರೀ ಬರೆದಿಡಿ

ಮೊದಲ ವಾರ ಏನನ್ನೂ ಬದಲಿಸಬೇಡಿ. ಒಂದು ಹಾಳೆ, ಒಂದು ಪೆನ್ನು ಸಾಕು. ದಿನಕ್ಕೆ ಮೂರು ಸಲ, ಮಧ್ಯಾಹ್ನ ಊಟಕ್ಕೆ ಮುಂಚೆ, ಸಂಜೆ ಐದಕ್ಕೆ, ಮಲಗುವ ಮುಂಚೆ, ಒಂದೊಂದು ಸಾಲು ಬರೆಯಿರಿ. ಎಷ್ಟು ಹೊತ್ತು ಏಳದೆ ಕೂತಿದ್ದೆ, ತಲೆ ದುಡಿಯುತ್ತಿತ್ತಾ, ಅಲೆಯುತ್ತಿತ್ತಾ, ಸುಮ್ಮನಿತ್ತಾ, ಈಗ ಮನಸ್ಸು ಹೇಗಿದೆ. ಮನಸ್ಸಿಗೆ 1ರಿಂದ 10ರೊಳಗೆ ಒಂದು ಅಂಕ ಕೊಡಿ. ತುಂಬಾ ಯೋಚಿಸದೆ, ಮೊದಲು ಬಂದ ಅಂಕವನ್ನೇ ಹಾಕಿ.

ನನ್ನ ಹಾಳೆಯಲ್ಲಿ ಎರಡು ಸಂಗತಿ ಎದ್ದು ಕಂಡವು. ಕೆಲಸ ಜಾಸ್ತಿ ಇದ್ದ ದಿನಕ್ಕಿಂತ ಎದ್ದೇ ಇಲ್ಲದ ದಿನ ಅಂಕ ಕಡಿಮೆ ಇತ್ತು. ಮತ್ತೆ, ಮಲಗುವ ಮುಂಚಿನ ಅಂಕ ಸಂಜೆ ಐದರ ಅಂಕಕ್ಕಿಂತ ಪ್ರತಿ ದಿನವೂ ಕೆಳಗಿತ್ತು. ಅಂದರೆ ವಿಶ್ರಾಂತಿ ಎಂದು ಕಳೆದ ನಾಲ್ಕು ಗಂಟೆ ನನಗೆ ವಿಶ್ರಾಂತಿ ಕೊಟ್ಟಿರಲೇ ಇಲ್ಲ. ಇದನ್ನು ನೋಡಿ ನನಗೆ ನಿಜಕ್ಕೂ ದುಃಖವಾಯಿತು. ಮಗಳ ಮಾತು ಕೇಳದೆ ಉಳಿಸಿಕೊಂಡ ಹೊತ್ತು ಅದು.

ನಿಮ್ಮ ಹಾಳೆ ಬೇರೇನೋ ಹೇಳಬಹುದು. ಅದು ಏನು ಹೇಳುತ್ತದೋ ಅದರ ಪ್ರಕಾರ ಮುಂದಿನದನ್ನು ಆರಿಸಿಕೊಳ್ಳಿ. ಟೇಲರ್ ಅಣ್ಣನಿಗೆ ಬರೆಯುವುದು ಬೇಡವಾಗಿತ್ತು. ಅವರು ಮಷಿನ್‌ನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದರು. ಅದೂ ನಡೆಯುತ್ತದೆ.

ಏಳುವುದಕ್ಕೆ ನೆಪ ಮಾಡಿಕೊಳ್ಳಿ

ಎಲ್ಲರಿಗೂ ಕೆಲಸಕ್ಕೆ ಬರುವುದು ಇದು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಡೆಯುವಾಗ ಮೀನಖಂಡ ಬಿಗಿಯಾಗಿ ಸಡಿಲಾಗಿ ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಕೂತಾಗ ಆ ಪಂಪು ನಿಲ್ಲುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಕಚೇರಿ ಕೆಲಸದವರನ್ನು 4 ಗಂಟೆ ಕೂರಿಸಿ ನೋಡಿದಾಗ ಮೆದುಳಿಗೆ ಹೋಗುವ ರಕ್ತದ ಹರಿವು ಕಡಿಮೆಯಾಗಿತ್ತು. ಅರ್ಧ ಗಂಟೆಗೊಮ್ಮೆ 2 ನಿಮಿಷ ನಡೆದಾಗ ಹಾಗೆ ಆಗಲಿಲ್ಲ. ಎರಡು ಗಂಟೆಗೊಮ್ಮೆ 8 ನಿಮಿಷ ನಡೆದರೂ ಅಷ್ಟು ಉಪಯೋಗವಾಗಲಿಲ್ಲ. ಲೆಕ್ಕ ಹಾಕಿದರೆ ಎರಡೂ ಒಂದೇ, 4 ಗಂಟೆಯಲ್ಲಿ 16 ನಿಮಿಷದ ಹತ್ತಿರ. ಆದರೂ ಫಲ ಬೇರೆ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ್ದು ಮನಸ್ಸಿಗೇ ಸಂಬಂಧಿಸಿದ್ದು. ದಿನಕ್ಕೆ 8 ಗಂಟೆ ಕೂರಿಸಿ, ಬೇರೆ ಬೇರೆ ದಿನ ಬೇರೆ ಬೇರೆ ಥರ ಎಬ್ಬಿಸಿದರು. ಅರ್ಧ ಗಂಟೆಗೆ 1 ನಿಮಿಷ, ಅರ್ಧ ಗಂಟೆಗೆ 5 ನಿಮಿಷ, ಗಂಟೆಗೆ 1 ನಿಮಿಷ, ಗಂಟೆಗೆ 5 ನಿಮಿಷ. ಗಂಟೆಗೆ 1 ನಿಮಿಷದ ದಿನ ಒಂದನ್ನು ಬಿಟ್ಟು ಉಳಿದೆಲ್ಲಾ ದಿನ ಸುಸ್ತು ಕಡಿಮೆಯಾಯಿತು, ಮನಸ್ಸು ಹಗುರಾಯಿತು. ಅರ್ಧ ಗಂಟೆಗೆ 5 ನಿಮಿಷ ನಡೆದ ದಿನ ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುವುದೂ ಬಹಳ ಕಡಿಮೆಯಾಗಿತ್ತು. ಭಾಗವಹಿಸಿದವರು ಬರೀ 11 ಜನ. ಅಂಕಿಯನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಆದರೆ ಮಾಡಿ ನೋಡಲು ಖರ್ಚೇನೂ ಇಲ್ಲ.

ಈಗ ನಮ್ಮೂರಿನ ಕಷ್ಟಕ್ಕೆ ಬರೋಣ. ಪೀಸ್ ರೇಟಿನ ಮೇಲೆ ಹೊಲಿಯುವವರಿಗೆ "ಅರ್ಧ ಗಂಟೆಗೊಮ್ಮೆ ಎದ್ದು ತಿರುಗಾಡಿ" ಎಂದರೆ ಅದು ಕೂಲಿ ಕತ್ತರಿಸಿದ ಹಾಗೆ. ಆ ಮಾತನ್ನು ನಾನು ಹಗುರಾಗಿ ಹೇಳಲಾರೆ. ನಾವು ಮಾಡಿದ್ದು ಇಷ್ಟು. ಮೊದಲು ಹುಡುಗನೊಬ್ಬ ಕಟಿಂಗ್ ಟೇಬಲ್‌ನಿಂದ ಬಂಡಲ್ ತಂದು ಪ್ರತಿ ಮಷಿನ್ ಪಕ್ಕ ಇಡುತ್ತಿದ್ದ. ಮುಗಿದದ್ದನ್ನು ಅವನೇ ಎತ್ತಿಕೊಂಡು ಹೋಗುತ್ತಿದ್ದ. ಟೇಲರ್ ಅಣ್ಣ ತಮ್ಮ ಬಂಡಲ್ ತಾವೇ ತರತೊಡಗಿದರು. ಬಂಡಲ್ ಮುಗಿಯಿತು, ಎದ್ದರು, ಕೊಟ್ಟು ಬಂದರು. ಒಂದೂವರೆ, ಎರಡು ನಿಮಿಷದ ಕೆಲಸ. ದಿನದ ಕೊನೆಗೆ ಪೀಸ್ ಲೆಕ್ಕ ನೋಡಿದೆ. ಹೆಚ್ಚು ಕಡಿಮೆ ಅಷ್ಟೇ ಇತ್ತು. ಮಧ್ಯಾಹ್ನ ಮೂರರ ಮೇಲೆ ಹೊಲಿಗೆ ತಪ್ಪಿ ಬಿಚ್ಚುವುದು ಕಡಿಮೆಯಾಯಿತು ಎಂದು ಅವರೇ ಹೇಳಿದರು.

ನಾನು ನೀರಿನ ಬಾಟಲಿಯನ್ನು ಟೇಬಲ್ ಮೇಲಿಂದ ತೆಗೆದೆ. ಈಗ ಒಂದು ಲೋಟ ಮಾತ್ರ ಇದೆ. ಖಾಲಿಯಾದರೆ ಕೆಳಗಿನ ಮಡಕೆಗೆ ಹೋಗಬೇಕು, ಮೆಟ್ಟಿಲು ಇಳಿದು ಹತ್ತಬೇಕು. ಫೋನ್ ಬಂದರೆ ಎದ್ದು ನಿಂತೇ ಮಾತಾಡುತ್ತೇನೆ. ಅಂಗಡಿ ಗಲ್ಲಾದಲ್ಲಿ ಕೂರುವವರು ಗಿರಾಕಿ ಬಂದಾಗ ಕೂತಲ್ಲಿಂದಲೇ ಹುಡುಗನಿಗೆ ಹೇಳುವ ಬದಲು ತಾವೇ ಎದ್ದು ಒಂದು ಸಾಮಾನು ತೆಗೆದು ಕೊಡಬಹುದು. ಮನಸ್ಸಿನ ಮೇಲೆ ಭರವಸೆ ಇಟ್ಟು "ನೆನಪಾದಾಗ ಏಳುತ್ತೇನೆ" ಎಂದುಕೊಂಡರೆ ಆಗುವುದಿಲ್ಲ. ನಾನು ಹಾಗೆ ಮಾಡಿ ಎರಡು ವಾರ ಕಳೆದೆ. ಕೆಲಸದಲ್ಲಿ ಮುಳುಗಿದಾಗ ನೆನಪಾಗುವುದೇ ಇಲ್ಲ. ಏಳಲೇಬೇಕಾದ ಒಂದು ಕಾರಣವನ್ನು ಕೆಲಸದ ಒಳಗೇ ಇಟ್ಟುಬಿಡಿ.

ನೀರಿನ ಮಾತು ಬಂತು. ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಕೆಲಸದ ಜಾಗದಲ್ಲಿ ಶೌಚಾಲಯ ಸರಿಯಿಲ್ಲ ಎಂದು ಎಷ್ಟೋ ಜನ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ದಾರ ಕತ್ತರಿಸಲು ಕೂರುವ ಹೆಂಗಸರು ಹಾಗೆ ಮಾಡುವುದನ್ನು ನಾನೇ ನೋಡಿದ್ದೇನೆ, ನಾನೂ ಮಾಡಿದ್ದೇನೆ. ಮೈತೂಕದ ನೂರಕ್ಕೆ ಒಂದೂವರೆ ಪಾಲಿನಷ್ಟು ನೀರು ಕಡಿಮೆಯಾದರೂ ಹೆಣ್ಣುಮಕ್ಕಳಲ್ಲಿ ತಲೆನೋವು, ಸುಸ್ತು ಬರುತ್ತದೆ, ಮನಸ್ಸು ಕೆಡುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. ನಮ್ಮ ಬಿಸಿಲಿನಲ್ಲಿ ಅಷ್ಟು ಕಡಿಮೆಯಾಗಲು ಜಾಸ್ತಿ ಹೊತ್ತು ಬೇಕಿಲ್ಲ. ಯೂನಿಟ್ ನಡೆಸುವವರು ಇದನ್ನು ಓದುತ್ತಿದ್ದರೆ, ಬಾಗಿಲು ಸರಿಯಾಗಿ ಹಾಕಿಕೊಳ್ಳುವ, ನೀರು ಬರುವ ಒಂದು ಶೌಚಾಲಯ ಮಾಡಿಸಿ ಎಂದು ಕೈಮುಗಿದು ಕೇಳುತ್ತೇನೆ.

ಓದುವವರಿಗೆ, ಲೆಕ್ಕ ಬರೆಯುವವರಿಗೆ

ಅಕ್ಕನ ಮಗ ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಿ ಸಂಜೆ ಬರುತ್ತಾನೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಎಲ್ಲಿ ನೋಡಿದರೂ ಅವನಂಥ ಮಕ್ಕಳಿದ್ದಾರೆ. ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗದವರಿಗೆ ಮೀಸಲಾತಿ ಬಂದ ಮೇಲೆ ಈ ಭಾಗದ ಮನೆಗಳಲ್ಲಿ ಸರ್ಕಾರಿ ಕೆಲಸದ ಆಸೆ ಇನ್ನೂ ಗಟ್ಟಿಯಾಗಿದೆ. ಆಸೆ ದೊಡ್ಡದಾದಷ್ಟೂ ಕೂರುವ ಹೊತ್ತೂ ಉದ್ದವಾಗುತ್ತದೆ.

ಅವನ ಕಷ್ಟ ನನಗೆ ಅರ್ಥವಾದದ್ದು ಅವನ ಬಿಡುವನ್ನು ಕೇಳಿದಾಗ. ಎರಡು ಗಂಟೆ ಓದುತ್ತಾನೆ, ಸುಸ್ತಾಗುತ್ತದೆ, ಅದೇ ಕುರ್ಚಿಯಲ್ಲಿ ಫೋನ್ ತೆಗೆಯುತ್ತಾನೆ. ಇಪ್ಪತ್ತು ನಿಮಿಷ ರೀಲ್ಸ್. ಮತ್ತೆ ಪುಸ್ತಕ. ಮೈಗೆ ಬಿಡುವೇ ಸಿಕ್ಕಿಲ್ಲ. ತಲೆಗೆ ಸಿಕ್ಕಿದೆಯೇ ಎಂದರೆ ಅದೂ ಇಲ್ಲ. ಅದು ಬೇರೆ ಅಕ್ಷರ, ಬೇರೆ ಮುಖ, ಬೇರೆ ಸದ್ದು ನೋಡುತ್ತಲೇ ಇತ್ತು.

ಕೂತು ಯೋಚಿಸಿದರೆ ಯಾಕೆ ಸುಸ್ತಾಗಬೇಕು ಎಂದು ಹಿರಿಯರು ಕೇಳುತ್ತಾರೆ. "ಹೊಲದಾಗ ದುಡಿದು ಬಂದಿಯೇನು?" ಎಂದು ಅವನಿಗೂ ಮನೆಯಲ್ಲಿ ಕೇಳಿದ್ದಾರೆ. ಮೆದುಳು ನಮ್ಮ ತೂಕದಲ್ಲಿ ನೂರಕ್ಕೆ 2 ಪಾಲು. ಸುಮ್ಮನಿದ್ದಾಗಲೂ ಅದು ಮೈಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ 20 ಪಾಲಿನಷ್ಟು ತಿನ್ನುತ್ತದೆ. ಕಷ್ಟಪಟ್ಟು ಯೋಚಿಸಿದಾಗ ಆ ಖರ್ಚು ತುಸುವೇ ಏರುತ್ತದೆ. ಹಾಗಾದರೆ ದಣಿವು ಎಲ್ಲಿಂದ? ಪ್ಯಾರಿಸ್‌ನವರು 2022ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಇಡೀ ದಿನ ಕಷ್ಟದ ಯೋಚನೆಯ ಕೆಲಸ ಮಾಡಿದವರ ಮೆದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಜಾಸ್ತಿ ಸೇರಿಕೊಂಡಿತ್ತು. ಸುಲಭದ ಕೆಲಸ ಮಾಡಿದವರಲ್ಲಿ ಹಾಗಿರಲಿಲ್ಲ. ಕಷ್ಟದ ಕೆಲಸ ಮಾಡಿದವರು ಸಂಜೆ ಹೊತ್ತಿಗೆ ಕಾಯುವ ತಾಳ್ಮೆ ಕಳೆದುಕೊಂಡು, ಈಗಲೇ ಸಿಗುವ ಸಣ್ಣ ಲಾಭವನ್ನೇ ಜಾಸ್ತಿ ಆರಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಹಿರಿಯರು ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ. ಓದುವ ಮಕ್ಕಳ ದಣಿವು ಸೋಮಾರಿತನವಲ್ಲ.

ಸಂಜೆ ಗ್ರಂಥಾಲಯದಿಂದ ಹೊರಗೆ ಬಂದ ಕೂಡಲೇ ಒಗ್ಗರಣೆ ಮಿರ್ಚಿ ಬಂಡಿಯ ಮುಂದೆ ಕಾಲು ನಿಲ್ಲುವುದಕ್ಕೂ ಕಾರಣ ಇದೆ. ಕೆನಡಾದ ಒಂದು ಪರೀಕ್ಷೆಯಲ್ಲಿ ವಿದ್ಯಾರ್ಥಿನಿಯರು 45 ನಿಮಿಷ ಓದಿ ಬರೆದ ಮೇಲೆ, ಸುಮ್ಮನೆ ಕೂತ ದಿನಕ್ಕಿಂತ 200 ಕ್ಯಾಲೊರಿಯಷ್ಟು ಜಾಸ್ತಿ ತಿಂದರು. ಓದಿದ್ದಕ್ಕೆ ಖರ್ಚಾಗಿದ್ದು ಬರೀ 3 ಕ್ಯಾಲೊರಿ! ಮಿರ್ಚಿ ತಿನ್ನಬೇಡಿ ಎನ್ನುತ್ತಿಲ್ಲ. ಮೊದಲು ಒಂದು ಸುತ್ತು ನಡೆದು ಬಂದು, ಆಮೇಲೆ ಹಸಿವಿದೆಯಾ ನೋಡಿ.

ಅವನಿಗೆ ನಾನು ಹೇಳಿದ ಕ್ರಮ ಹೀಗಿತ್ತು. ಕಷ್ಟದ ವಿಷಯ ಬೆಳಿಗ್ಗೆಗೆ ಇಟ್ಟುಕೋ. ಲೆಕ್ಕ, ತರ್ಕ ಸಂಜೆಗೆ ಬೇಡ. ಐವತ್ತು ನಿಮಿಷ ಓದಿದ ಮೇಲೆ ಏಳು, ಏಳುವ ಮುಂಚೆ ಎಲ್ಲಿ ನಿಲ್ಲಿಸಿದೆ ಎಂದು ಒಂದು ಸಾಲು ಬರೆದಿಡು. ಆ ಸಾಲು ಬರೆದರೆ ತಲೆ ಅದನ್ನು ಹೊತ್ತುಕೊಂಡು ತಿರುಗುವುದಿಲ್ಲ. ಫೋನನ್ನು ಬ್ಯಾಗಿನಲ್ಲೇ ಬಿಟ್ಟು ಹೊರಗೆ ಹೋಗು, ದೂರದ ಮರ, ಗುಡ್ಡ ನೋಡು. ಬಳ್ಳಾರಿಯಲ್ಲಿ ಎಲ್ಲಿ ನಿಂತರೂ ಕೋಟೆ ಗುಡ್ಡದ ಒಂದು ತುಂಡು ಕಾಣುತ್ತದೆ. ಐದು ನಿಮಿಷ ಸಾಕು. ಮೊದಲ ಮೂರು ದಿನ ಅವನಿಗೆ ಇದು ಹೊತ್ತು ಹಾಳು ಅನ್ನಿಸಿತು. ನಾಲ್ಕನೇ ದಿನ ಗೆಳೆಯನನ್ನೂ ಎಬ್ಬಿಸಿಕೊಂಡು ಹೋದ. ಈಗ ಅವರಿಬ್ಬರೂ ನಡೆಯುತ್ತಾ ಒಬ್ಬರಿಗೊಬ್ಬರು ಇಸವಿ ಕೇಳುತ್ತಾರಂತೆ. ಅದು ಬೇಡ ಎಂದು ಹೇಳಿದ್ದೇನೆ. ಆ ಐದು ನಿಮಿಷವಾದರೂ ತಲೆ ಖಾಲಿ ಇರಲಿ.

ಕೈ ದುಡಿದು ತಲೆ ಅಲೆಯುವವರಿಗೆ

ಟೇಲರ್ ಅಣ್ಣನ ವಿಷಯದಲ್ಲಿ ಉಪಾಯ ಉಲ್ಟಾ ಆಯಿತು. ಅವರ ತಲೆಗೆ ಬೇಕಾಗಿದ್ದುದು ಕೆಲಸ. ಕೈ ಪಾಕೆಟ್ ಹೊಲಿಯುವಾಗ ಮನಸ್ಸು ಸಾಲದ ಕಡೆ, ತಂಗಿಯ ಮದುವೆಯ ಕಡೆ, ಹತ್ತು ವರ್ಷದ ಹಿಂದೆ ಯಾರೋ ಆಡಿದ ಮಾತಿನ ಕಡೆ ಹೋಗುತ್ತಿತ್ತು. ಒಂದೇ ಯೋಚನೆ ಮಷಿನ್ ಚಕ್ರದ ಹಾಗೆ ತಿರುಗುತ್ತಿತ್ತು.

2010ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್, ಸಾವಿರಾರು ಜನರಿಗೆ ಫೋನಿನಲ್ಲಿ ಆಗಾಗ ಪ್ರಶ್ನೆ ಕಳಿಸಿದರು. ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರ ಮೇಲೇ ಇದೆಯಾ, ಹೇಗನ್ನಿಸುತ್ತಿದೆ. ಕೇಳಿದ ಸಮಯದಲ್ಲಿ ನೂರಕ್ಕೆ 47ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗಿದ್ದಾಗ ಜನ ಕಡಿಮೆ ಖುಷಿಯಲ್ಲಿದ್ದರು. ಒಳ್ಳೆಯ ವಿಷಯ ಯೋಚಿಸುತ್ತಿದ್ದರೂ, ಮಾಡುತ್ತಿದ್ದ ಕೆಲಸದ ಮೇಲೇ ಮನಸ್ಸಿದ್ದವರಿಗಿಂತ ಜಾಸ್ತಿ ಖುಷಿಯೇನೂ ಇರಲಿಲ್ಲ.

ಹಾಗಾದರೆ ಅಲೆಯುವ ತಲೆಗೆ ಏನು ಕೊಡುವುದು? ಕೊಪ್ಪಳದ ಹತ್ತಿರ ಭಾಗ್ಯನಗರದಲ್ಲಿ ವಿಗ್ ಮಾಡಲು ಹೋಗುವ ಕೂದಲು ಬಿಡಿಸುವ ಕೆಲಸಕ್ಕೆ ಹೆಂಗಸರು ಒಟ್ಟಿಗೆ ಕೂರುತ್ತಾರೆ. ಸಿಕ್ಕು ಬಿಡಿಸುವ ಕೈಗೆ ಕಣ್ಣಿನ ಸಹಾಯ ಬೇಕು, ಬಾಯಿ ಮಾತ್ರ ಖಾಲಿ. ಮಾತಾಡುತ್ತಾ ಕೂತರೆ ಮನಸ್ಸು ಒಳಗೊಳಗೇ ಸುತ್ತುವುದಕ್ಕೆ ಜಾಗವಿಲ್ಲ. ಒಬ್ಬರೇ ಕೂರುವವರಿಗೆ ರೇಡಿಯೋ ಒಳ್ಳೆಯದು. ನಮ್ಮ ಕಡೆ ಹೊಸಪೇಟೆ ಆಕಾಶವಾಣಿ ಇದೆ. ಫೋನಿನಲ್ಲಿ ಕಥೆ, ನಾಟಕ, ತತ್ವಪದ ಹಾಕಿಕೊಂಡು ಕೇಳುವವರೂ ಇದ್ದಾರೆ. ಕೇಳುವುದನ್ನು ಮಾತ್ರ ಆರಿಸಿಕೊಳ್ಳಿ, ನೋಡುವುದು ಬೇಡ. ಮಷಿನ್ ಮುಂದೆ ಕಣ್ಣು ಬೇರೆ ಕಡೆ ಹೋದರೆ ಸೂಜಿ ಬೆರಳಿಗೆ ಇಳಿಯುತ್ತದೆ.

ಸಾಲದ ಚಿಂತೆ ರೇಡಿಯೋದಿಂದ ಹೋಗುವುದಿಲ್ಲ, ಅದು ನನಗೂ ಗೊತ್ತು. ಅದಕ್ಕೆ ಬೇರೆ ಹೊತ್ತು ಕೊಡಿ. ಟೇಲರ್ ಅಣ್ಣ ಬಟವಾಡೆಯ ದಿನ ನನ್ನ ಟೇಬಲ್ ಹತ್ತಿರ ಕೂತು ಹದಿನೈದು ನಿಮಿಷ ಬಡ್ಡಿ ಲೆಕ್ಕ ಬರೆಸುತ್ತಾರೆ. ಯಾರಿಗೆ ಎಷ್ಟು, ಯಾವಾಗ. ಹಾಳೆಯ ಮೇಲೆ ಬಂದ ಸಾಲ ತಲೆಯಲ್ಲಿದ್ದ ಸಾಲಕ್ಕಿಂತ ಚಿಕ್ಕದಿತ್ತು ಎಂದು ಅವರು ಹೇಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸಂಜೆಯ ಮೊದಲ ಅರ್ಧ ಗಂಟೆ

ಮನೆಗೆ ಬಂದ ಮೇಲಿನ ಮೊದಲ ಅರ್ಧ ಗಂಟೆ ಕೂರಬೇಡಿ. ಟಿವಿ, ಫೋನ್ ಬಿಡಿ ಎಂದು ನಾನು ಹೇಳುವುದಿಲ್ಲ. ಆ ಅರ್ಧ ಗಂಟೆಯ ಆಮೇಲೆ ನೋಡಿ. ಒಮ್ಮೆ ಒರಗಿದರೆ ಏಳುವುದು ಕಷ್ಟ. ಅದಕ್ಕೇ ಒರಗುವ ಮುಂಚೆಯೇ ಮಾಡಬೇಕು.

ನಾನು ಮಗಳನ್ನು ಕರೆದುಕೊಂಡು ಹಾಲು ತರಲು ಹೋಗುತ್ತೇನೆ. ಹೋಗಿ ಬರಲು ಇಪ್ಪತ್ತು ನಿಮಿಷ. ಹೋಗುವಾಗ ಅವಳ ಶಾಲೆಯ ಸುದ್ದಿ, ಬರುವಾಗ ಅವಳ ಗೆಳತಿಯರ ಜಗಳ. ಎದುರು ಬದುರು ಕೂತು "ಏನಾಯ್ತು ಹೇಳು" ಎಂದರೆ ಹೇಳದ ವಿಷಯ ಪಕ್ಕದಲ್ಲಿ ನಡೆಯುವಾಗ ತಾನಾಗಿ ಬರುತ್ತದೆ. ಕೊಪ್ಪಳದವರಿಗೆ ಗವಿಮಠದ ಬೆಟ್ಟ ಇದೆ, ರಾಯಚೂರಿನವರಿಗೆ ಕೋಟೆಯ ಕಡೆಯ ದಾರಿ ಇದೆ. ಎಲ್ಲಿಗೂ ಹೋಗಲಾಗದವರು ಮಾಳಿಗೆ ಹತ್ತಿ ಒಣಗಿದ ಬಟ್ಟೆ ತೆಗೆದರೂ ಸರಿ, ಗಿಡಕ್ಕೆ ನೀರು ಹಾಕಿದರೂ ಸರಿ. ವಾರಕ್ಕೆ 150 ನಿಮಿಷವಾದರೂ ಸ್ವಲ್ಪ ಏದುಸಿರು ಬರುವಷ್ಟು ಓಡಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಆಯಿತು.

ಆಮೇಲೆ ಕೂರಲೇಬೇಕು ಅನ್ನಿಸಿದರೆ ಕೈಗೆ ಏನಾದರೂ ಇಟ್ಟುಕೊಂಡು ಕೂತು ನೋಡಿ. ನಮ್ಮ ಅತ್ತೆ ಹಳೇ ಸೀರೆಗಳ ಕೌದಿ ಹೊಲಿಯುತ್ತಾರೆ. ಯಾವ ತುಂಡಿನ ಪಕ್ಕ ಯಾವ ಬಣ್ಣ ಎಂದು ಒಂದು ಗಂಟೆ ಯೋಚಿಸುತ್ತಾರೆ. ಸ್ವೀಡನ್ನಿನವರು ಹೆಣಿಗೆ ಎಂದದ್ದು ಇದನ್ನೇ, ಅಲ್ವಾ? ಹೂ ಕಟ್ಟುವುದು, ಚೌಕಾಬಾರ, ಅಳಗುಳಿ ಮಣೆ, ಪೇಪರಿನ ಪದಬಂಧ, ಯಾವುದಾದರೂ ಆಗುತ್ತದೆ. ಮಗಳು ಮತ್ತು ಅತ್ತೆ ಅಳಗುಳಿ ಮಣೆಗೆ ಕೂತರೆ ನನ್ನನ್ನು ಕರೆಯುವುದೇ ಇಲ್ಲ. ನಾನು ಅವರ ಪಕ್ಕ ಹೋಗಿ ಕೂರುತ್ತೇನೆ.

ಬಿಸಿಲಿನ ಲೆಕ್ಕ

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ, ಈ ಮೂರೂ ಜಿಲ್ಲೆಯಲ್ಲಿ 40 ಡಿಗ್ರಿ ದಾಟುತ್ತದೆ. ತಂಪು ದೇಶದವರು ಬರೆದ "ಊಟದ ನಂತರ ಹೊರಗೆ ನಡೆಯಿರಿ" ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ. ಬೇಸಿಗೆಯಲ್ಲಿ ಹೊರಗಿನ ನಡಿಗೆ ಬೆಳಿಗ್ಗೆ ಏಳೂವರೆಯೊಳಗೆ ಅಥವಾ ಸಂಜೆ ಆರರ ಮೇಲೆ. ಮಧ್ಯಾಹ್ನದ ಬಿಡುವನ್ನು ಒಳಗೇ ತೆಗೆದುಕೊಳ್ಳಿ. ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯಿರಿ, ಅಥವಾ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಇಪ್ಪತ್ತು ಸಲ. ಮಜ್ಜಿಗೆ, ಅಂಬಲಿ ಕುಡಿಯಿರಿ. ತಲೆ ಸುತ್ತಿದರೆ ನಡಿಗೆ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಬನ್ನಿ. ಹೃದಯದ ತೊಂದರೆ, ಮಂಡಿ ನೋವು ಇರುವವರು ಡಾಕ್ಟರನ್ನು ಕೇಳಿ ಶುರುಮಾಡಿ.

ಇಷ್ಟು ಮಾಡಿದರೂ ಮನಸ್ಸು ಏಳದಿದ್ದರೆ

ಮೂರು, ನಾಲ್ಕು ವಾರ ಇದನ್ನೆಲ್ಲ ಮಾಡಿ, ಹಾಳೆಯ ಅಂಕ ನೋಡಿ. ನನ್ನದು ಸರಾಸರಿ 4ರಿಂದ 6ಕ್ಕೆ ಬಂತು. 9 ಆಗಲಿಲ್ಲ, ಆಗಬೇಕಾಗಿಯೂ ಇಲ್ಲ.

ಆದರೆ ಎರಡು ವಾರಕ್ಕಿಂತ ಜಾಸ್ತಿ ದಿನ, ಹೆಚ್ಚು ಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗಿದ್ದ ಯಾವುದೂ ಬೇಡವಾಗಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ, ಅದು ಕೂರುವುದರ ಬೇಸರ ಅಲ್ಲದೇ ಇರಬಹುದು. ಅದಕ್ಕೆ ನಡಿಗೆ ಸಾಲದು, ಚಿಕಿತ್ಸೆ ಬೇಕು. ಸಾಯಬೇಕು ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ಮನಸ್ಸಿನ ಡಾಕ್ಟರ ಹತ್ತಿರ ಹೋಗುವುದಕ್ಕೆ ನಾಚಿಕೆಪಡುವವರಿಗೆ ಒಂದು ವಿಷಯ ಹೇಳುತ್ತೇನೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಗೆ ಬಂದು, ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು, ಔಷಧ ಕೊಡುವುದನ್ನು ಕಲಿಸಿದರು. ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗಬಹುದು ಎಂದು ಇಲ್ಲಿ ತೋರಿಸಿಕೊಟ್ಟರು. 1996ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಇವತ್ತಿಗೂ ದೇಶದ ಡಾಕ್ಟರುಗಳು ಅದನ್ನು ಬಳ್ಳಾರಿ ಮಾದರಿ ಎಂದೇ ಕರೆಯುತ್ತಾರೆ. ಅಂಥ ಜಿಲ್ಲೆಯವರು ನಾವು. ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರ ವಿಭಾಗ ಎಲ್ಲಿ ಎಂದು ಜೋರಾಗಿಯೇ ಕೇಳಬಹುದು.

ಹೋಗುವಾಗ ಬರೆದಿಟ್ಟ ಹಾಳೆಯನ್ನೂ ತಗೊಂಡು ಹೋಗಿ. ಯಾವಾಗಿನಿಂದ ಹೀಗಿದೆ, ದಿನದ ಯಾವ ಹೊತ್ತಿನಲ್ಲಿ ಜಾಸ್ತಿ, ನಿದ್ದೆ ಹೇಗೆ ಎಂದು ಡಾಕ್ಟರು ಕೇಳುತ್ತಾರೆ. ಎದುರಿಗೆ ಕೂತಾಗ ಏನೂ ನೆನಪಾಗುವುದಿಲ್ಲ. ಹಾಳೆಯನ್ನು ಅವರ ಕೈಗೇ ಕೊಡಿ.